ಚಮರೀಮೃಗದ ಉಣ್ಣೆ: ಅದರ ಗುಣ, ಉಪಯೋಗ ಮತ್ತು ಪಾಲನೆ

ದೇವಾಲಯಗಳಲ್ಲಿ ಉತ್ಸವಮೂರ್ತಿಗೆ ಬೀಸುವ ಚಾಮರವು ಚಮರೀಮೃಗದ ಬಾಲದ ಕೂದಲೆಂಬುದು ಗ್ರಾಮಸ್ಥರಿಗೆ ತಿಳಿದ ವಿಷಯವೇ. ಆದರೆ ಆ ಪ್ರಾಣಿಯ ಮೈರೋಮದಿಂದ ಕಂಬಳಿ, ಶಾಲು ಮುಂತಾದುವು ಸಿದ್ಧವಾಗುವುವೆಂಬುದನ್ನು ಬಲ್ಲವರು ವಿರಳ. ಯಾಕ್ ಎಂದು ಕರೆಯಲ್ಪಡುವ ಇದು ದನದ ಜಾತಿಗೆ ಸೇರಿದ್ದು. ಸುಮಾರು ೧೦,೦೦೦ ಅಡಿಗಳಿಗಿಂತ ಎತ್ತರವಾದ ಹಿಮಾಲಯ ಮತ್ತು ಟಿಬೆಟ್ ಸೀಮೆಗಳೇ ಅದರ ನೆಲೆ. ಬೆವರಿ ಮೈಯನ್ನು ತಂಪುಮಾಡಿಕೊಳ್ಳುವ ಶಕ್ತಿಯು ಅದಕ್ಕೆ ಅತ್ಯಲ್ಪವಾದುದರಿಂದ ಕನ್ನಡನಾಡಿನ ಬಯಲುಸೀಮೆಯಲ್ಲಿ ಅದನ್ನು ಸಾಕುವ ಯೋಚನೆಯು ವ್ಯರ್ಥ. ಬಟ್ಟೆಯಾದರೋ ಎಲ್ಲಿಗೂ ಬರುತ್ತದೆ. ಹಣ ಕೊಟ್ಟು ಕೊಳ್ಳುವವರು ಅದರ ಗುಣವನ್ನು ಅರಿತಿರುವುದು ಮೇಲು.

ಈ ಪ್ರಾಣಿಯ ಮೈಮೇಲೆ ಮುಖ್ಯವಾಗಿ ಎರಡು ಬಗೆಯ ರೋಮಗಳುಂಟು. ಭುಜ, ಹೊಟ್ಟೆ, ತೊಡೆಗಳಿಂದ ಜೋಲುಬಿದ್ದಿರುವುದು ಉದ್ದವಾದ ಬಿರುಸು ಕೂದಲು. ಅದರಡಿಯಲ್ಲಿ ಚರ್ಮಕ್ಕೆ ಹತ್ತಿಕೊಂಡಂತೆ ಬೆಳೆಯುವುದು ನವಿರಾದ ತುಪ್ಪುಳು. ಬಿರುಸು ಕೂದಲಿನ ದಪ್ಪವು ೫೦ ಮೈಕ್ರಾನಿಗೂ ಮಿಗಿಲು. ತುಪ್ಪುಳಿನದು ಸುಮಾರು ೧೬ರಿಂದ ೨೦ ಮೈಕ್ರಾನ್ ಮಾತ್ರ. ಮಿಲ್ಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನೆಂದು ಹೆಸರು. ಕುರುಬರು ನೇಯುವ ಕರಿಯ ಕಂಬಳಿಯು ಮೈಗೆ ಚುಚ್ಚುವುದಕ್ಕೆ ಅದರಲ್ಲಿ ದಪ್ಪನೆಯ ಎಳೆಗಳು ಬೆರೆತಿರುವುದೇ ಕಾರಣವಷ್ಟೆ. ಯಾಕ್ ಬಟ್ಟೆಯ ಸಂಗತಿಯೂ ಹೀಗೆಯೇ. ಬಿರುಸು ಕೂದಲಿನಿಂದ ತುಪ್ಪುಳನ್ನು ಎಷ್ಟು ಚೆನ್ನಾಗಿ ಬೇರ್ಪಡಿಸಿದೆಯೋ ಬಟ್ಟೆಯ ಯೋಗ್ಯತೆಯೂ ಬೆಲೆಯೂ ಅಷ್ಟರಮಟ್ಟಿನವು. ಎಳೆಗರುಗಳಲ್ಲಿ ತುಪ್ಪುಳಿನ ಪಾಲು ಹೆಚ್ಚು, ವಯಸ್ಸಾದಂತೆ ಕಡಮೆ. ಬೇಸಗೆಯ ಆರಂಭದಲ್ಲಿ ಅದು ತಾನಾಗಿಯೇ ಉದುರತೊಡಗುವುದರಿಂದ ಆಗಲೇ ಬಾಚಿ ತೆಗೆಯತಕ್ಕದ್ದು. ತಡಮಾಡಿದರೆ ಗಾಳಿಯ ಪಾಲಾಗುವುದು.

ಬಿರುಸು ಕೂದಲು ನಿರುಪಯೋಗವೆಂದು ತಿಳಿಯಲಾಗದು. ಲಡಾಖಿನ ಚಾಂಗ್‌ಥಾಂಗ್ ಪ್ರಾಂತದಲ್ಲಿ ಮಂದೆಯೊಡನೆ ಸಂಚರಿಸುವ ಚಾಂಗ್ಪಾ ಜನರು ಇದರಿಂದ ಹಗ್ಗ, ಚೀಲ, ಹಾಗೂ ರೆಬೊ ಎಂಬ ಡೇರೆಗಳನ್ನು ಮಾಡುವರು. ಮಳೆ ಬಿದ್ದಾಗ ಎಳೆಗಳು ಉಬ್ಬಿ ನೇಯ್ಗೆಯ ಸಂದುಗಳು ಕಿರಿದಾಗುವುವು. ಒಣಗಿದೊಡನೆ ಮತ್ತೆ ತೆರೆದು ಒಲೆಯ ಹೊಗೆ ಹೊರಹೋಗುವುದು. ಈಗ ಹತ್ತಿಯ ಡೇರೆಗಳು ಇವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿವೆ. ಅರುಣಾಚಲದ ಮೊಂಪಾ ಜನರು ತೊಡುವ ಕೂದಲಿನ ಟೋಪಿಗೆ ಬಾಲಗಳಂತೆ ಕುಚ್ಚುಗಳಿರುತ್ತವೆ. ಮಳೆಯ ನೀರು ಮುಖಕ್ಕಿಳಿಯದೆ ಅವುಗಳ ತುದಿಯಿಂದ ತೊಟ್ಟಿಕ್ಕಿ ಹೋಗುತ್ತದೆ. ನಮ್ಮ ಕಂಬಳಿಗೊಪ್ಪೆಯ ಜಾಣತನವೇ ಇಲ್ಲಿಯೂ ಕಾಣುವುದು.

ಭಾರತದಲ್ಲಿ ೨೦೧೨ರ ಜಾನುವಾರು ಗಣತಿಯಂತೆ ಸುಮಾರು ೭೭,೦೦೦ ಇದ್ದ ಯಾಕ್‌ಗಳು ೨೦೧೯ರ ಗಣತಿಯಲ್ಲಿ ಸುಮಾರು ೫೮,೦೦೦ಕ್ಕೆ ಇಳಿದುವು. ಸಾಕುವ ಮನೆತನಗಳ ಎಳೆಯರು ಬೇರೆ ಕಸುಬು ಹಿಡಿಯುತ್ತಿರುವರು. ಇವುಗಳ ಅಭಿವೃದ್ಧಿಗಾಗಿ ಅರುಣಾಚಲದ ದಿರಾಂಗಿನಲ್ಲಿ ೧೯೮೯ರಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರವು ಸ್ಥಾಪಿತವಾಯಿತು. ತುಪ್ಪುಳಿಗೆ ನ್ಯಾಯವಾದ ಬೆಲೆ ಸಿಕ್ಕಿದಲ್ಲಿ ಮಂದೆ ಇಟ್ಟುಕೊಳ್ಳಲು ಅವರಿಗೊಂದು ಆಸರೆಯಾದೀತು. ಆದರೆ ಕೃತಕ ನೂಲಿನ ಶಾಲುಗಳನ್ನು ಯಾಕ್ ಉಣ್ಣೆಯೆಂದು ಮಾರುವ ವ್ಯಾಪಾರಿಗಳೂ ಇದ್ದಾರೆ. ಇದರಿಂದ ಕೊಳ್ಳುವವನಿಗೂ ಸಾಕುವವನಿಗೂ ನಷ್ಟ. ಅಂಚಿನ ಒಂದೆರಡು ಎಳೆಗಳನ್ನು ಸುಟ್ಟು ನೋಡಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಕರಿಬೂದಿ ಉಳಿಯುವುದು. ಕೃತಕ ನೂಲು ಕರಗಿ ಗಟ್ಟಿಯಾದ ಗುಂಡಾಗುವುದು. ಇಷ್ಟರಿಂದ ಕುರಿಯುಣ್ಣೆಯೋ ಯಾಕಿನದೋ ಎಂಬುದು ತಿಳಿಯದು. ಅದಕ್ಕೆ ಸೂಕ್ಷ್ಮದರ್ಶಕವೇ ಬೇಕು. ಸಹಜವಾದ ಬಣ್ಣ ಹೆಚ್ಚಾಗಿ ಕಪ್ಪು ಅಥವಾ ಕಂದು. ತಿಳಿಬಣ್ಣ ಹಾಕಲು ಮೊದಲು ಬಿಳಿಚಿಸಬೇಕಾಗಿ, ಎಳೆಯ ಬಲ ಕುಗ್ಗುವುದು.

ಒಗೆಯುವಾಗ ತಣ್ಣೀರನ್ನೂ ಅಂಟುವಾಳದ ನೊರೆಯನ್ನೂ ಉಪಯೋಗಿಸಬೇಕು. ಸೋಡಾ, ಸವಳು ಕೂಡದು. ಕ್ಷಾರವು ಉಣ್ಣೆಯನ್ನು ತಿಂದುಹಾಕುವುದು. ಕಲ್ಲಿಗೆ ಬಡಿಯಲೂ ಹಿಂಡಲೂ ಬಾರದು. ಹಾಗೆ ಮಾಡಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗುತ್ತದೆ. ನೀರನ್ನು ಮೆಲ್ಲನೆ ಅದುಮಿ ತೆಗೆದು ನೆರಳಿನಲ್ಲಿ ಹಾಸಿ ಒಣಗಿಸುವುದು ಯುಕ್ತ.

ಮುಖ್ಯ ಶತ್ರುವು ನುಸಿ. ಹಾರುವ ಹುಳುವು ಬಟ್ಟೆಯನ್ನು ತಿನ್ನದು, ಅದರ ಮರಿಹುಳುಗಳೇ ತಿನ್ನುವುವು. ಅದೂ ಬೆವರು, ಎಣ್ಣೆ ಹತ್ತಿದ ಜಾಗವನ್ನೇ ಮೊದಲು. ಆದುದರಿಂದ ಛಳಿಗಾಲ ಕಳೆದೊಡನೆ ಮಾಸಿದ ಬಟ್ಟೆಯನ್ನು ಹಾಗೆಯೇ ಪೆಟ್ಟಿಗೆಗೆ ಹಾಕಲಾಗದು. ಒಗೆದು, ಪೂರ್ತಿಯಾಗಿ ಒಣಗಿಸಿ, ಬಿಗಿಯಾಗಿ ಮುಚ್ಚುವ ಪೆಟ್ಟಿಗೆಯಲ್ಲಿಡಬೇಕು. ಬೇವಿನ ಸೊಪ್ಪನ್ನೊಂದೇ ನಂಬಬಾರದು. ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುವುದರಿಂದ, ಹೊಳವಾದ ದಿನಗಳಲ್ಲಿ ತೆಗೆದು ಕೊಡವಿ ಗಾಳಿಗೆ ಹರವುತ್ತಿರಬೇಕು. ಮನೆಯ ಕಂಬಳಿಗಳಿಗೂ ಇದೇ ಕ್ರಮವು ಸಲ್ಲುತ್ತದೆ.