ಐಸ್‌ಲೆಂಡಿನ ವೆಸ್ಟ್‌ಮನ್ ದ್ವೀಪಗಳು

ದ್ವೀಪವೆಂದೊಡನೆ ತೆಂಗಿನ ಸಾಲುಗಳೂ ಬೆಚ್ಚನೆಯ ಮರಳದಂಡೆಯೂ ನಮ್ಮ ಕಣ್ಣಮುಂದೆ ಸುಳಿಯುವುದು ಸಹಜ. ಉತ್ತರದ ಚಳಿನಾಡುಗಳ ದ್ವೀಪಗಳ ರೀತಿಯೇ ಬೇರೆ. ಐಸ್‌ಲೆಂಡಿನ ದಕ್ಷಿಣ ಕರಾವಳಿಯಾಚೆಯ ವೆಸ್ಟ್‌ಮನ್ ದ್ವೀಪಗಳನ್ನು ಕುರಿತು ಭೂಗೋಳದ ವ್ಯಾಸಂಗಕ್ಕಾಗಿ ಓದತೊಡಗಿದಾಗ, ಅಲ್ಲಿಗೆ ಹೋದ ಯಾತ್ರಿಕನು ಮೊದಲು ನೋಡಬೇಕಾದದ್ದು ಬೆಂಕಿಯ ಬೆಟ್ಟವನ್ನಲ್ಲ, ಬಂದರನ್ನು ಎಂದು ನನಗೆ ತೋರಿತು. ಅದೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಇಲ್ಲಿ ಸುಮಾರು ಹದಿನೈದು ದ್ವೀಪಗಳಿವೆ. ಜನರು ಊರು ಕಟ್ಟಿಕೊಂಡಿರುವುದು ಹೇಮೈ ಒಂದರಲ್ಲಿ ಮಾತ್ರ. ‘ಮನೆಯ ದ್ವೀಪ’ವೆಂದೇ ಆ ಹೆಸರಿನ ಅರ್ಥ. ಅದರ ವಿಸ್ತೀರ್ಣ ಸುಮಾರು 13 ಚದರ ಕಿಲೋಮೀಟರು. ಜೀವನೋಪಾಯ ಮುಖ್ಯವಾಗಿ ಮೀನುಗಾರಿಕೆ. ಎದುರು ದಡದಿಂದ ಹಡಗಿನಲ್ಲಿ ಹೋಗಲು ಸುಮಾರು 40 ನಿಮಿಷ ಸಾಕು. ಕಡಲು ಕೆರಳಿದಾಗ ಮಾತ್ರ ದೂರದ ಇನ್ನೊಂದು ಬಂದರಿನಿಂದ ಹೊರಡಬೇಕು. ಆಗ ಮೂರು ಗಂಟೆಗಳೇ ಹಿಡಿಯಬಹುದು. ಹೇಮೈಯ ಬಂದರಿನ ಬಾಯಿ ಇಕ್ಕಟ್ಟು. ಒಂದು ಕಡೆ ಕಡಿದಾದ ಬಂಡೆ, ಇನ್ನೊಂದು ಕಡೆ ಕರಿಯ ಲಾವಾಶಿಲೆಯ ರಾಶಿ. ಆ ರಾಶಿ 1973ಕ್ಕೆ ಮೊದಲು ಅಲ್ಲಿರಲಿಲ್ಲ.

1973ರ ಜನವರಿ 23ರಂದು, ರಾತ್ರಿ ಎರಡು ಗಂಟೆಯ ಹೊತ್ತಿಗೆ, ಊರಿನ ಅಂಚಿನಲ್ಲಿಯೇ ನೆಲವು ಬಿರಿದು ಬೆಂಕಿ ಚಿಮ್ಮಿತು. ಹಿಂದಿನ ದಿನದ ಬಿರುಗಾಳಿಯಿಂದಾಗಿ ಮೀನುದೋಣಿಗಳೆಲ್ಲ ಬಂದರಿನಲ್ಲಿಯೇ ನಿಂತಿದ್ದುದು ಜನರ ಪುಣ್ಯ. ದ್ವೀಪದಲ್ಲಿದ್ದ ಸುಮಾರು 5,300 ಮಂದಿಯಲ್ಲಿ ಹೆಚ್ಚಿನವರು ಆ ರಾತ್ರಿಯೇ ಆಚೆ ದಡಕ್ಕೆ ಸಾಗಿದರು. ಮುಂದೆ ವಿಷಾನಿಲಕ್ಕೆ ಸಿಕ್ಕಿ ಒಬ್ಬನು ಮಡಿದನು. ಸುಮಾರು 400 ಮನೆಗಳು ಬೂದಿಯಲ್ಲಿಯೂ ಲಾವಾರಸದಲ್ಲಿಯೂ ಹೂತುಹೋದುವು.

ಇದಕ್ಕಿಂತಲೂ ದೊಡ್ಡ ಭಯವೊಂದಿತ್ತು. ಲಾವಾರಸವು ಬಂದರಿನ ಬಾಯಿಯತ್ತ ಹರಿಯತೊಡಗಿತ್ತು. ಮನೆ ಹೋದರೆ ಮತ್ತೊಂದನ್ನು ಕಟ್ಟಬಹುದು. ಬಂದರು ಮುಚ್ಚಿದರೆ ದೋಣಿಯಿಲ್ಲ, ದೋಣಿಯಿಲ್ಲದಿದ್ದರೆ ಅನ್ನವಿಲ್ಲ, ಊರಿಗೆ ಮರಳುವ ಮಾತೇ ಇಲ್ಲ. ಆಗ ಥೋರ್ಬ್ಯೋರ್ನ್ ಸಿಗುರ್‌ಗೇರ್ಸನ್ ಎಂಬ ಭೌತವಿಜ್ಞಾನಿಯ ಸಲಹೆಯಂತೆ ಲಾವಾರಸದ ಮೇಲೆ ಸಮುದ್ರದ ನೀರನ್ನೇ ಸುರಿಯತೊಡಗಿದರು. ನೀರು ಬಿದ್ದಲ್ಲಿ ರಸವು ತಣಿದು ಕಲ್ಲಾಗುತ್ತದೆ. ಆ ಕಲ್ಲೇ ಗೋಡೆಯಾಗಿ ಹಿಂದಿನಿಂದ ಬರುವ ರಸವನ್ನು ತಡೆಯುತ್ತದೆ. ಮೊದಮೊದಲು ನಕ್ಕವರೂ ಉಂಟಂತೆ. ಅಮೆರಿಕದಿಂದ ದೊಡ್ಡ ಪಂಪುಗಳನ್ನು ತರಿಸಿ ಅವರು ಸುರಿದ ನೀರು 60 ಲಕ್ಷ ಟನ್ನುಗಳನ್ನೂ ಮೀರಿತು. ಜುಲೈ ತಿಂಗಳ ಮೊದಲಲ್ಲಿ ಬೆಂಕಿ ಆರಿದಾಗ ಬಂದರು ಉಳಿದಿತ್ತು. ಅಷ್ಟೇ ಅಲ್ಲ, ಹೊಸ ಲಾವಾಶಿಲೆಯು ಅಲೆಗಳಿಗೆ ಅಡ್ಡವಾಗಿ ನಿಂತು ಅದನ್ನು ಮೊದಲಿಗಿಂತಲೂ ಸುರಕ್ಷಿತವಾಗಿಸಿತ್ತು.

ಬಹುಮಂದಿ ಮರಳಿ ಬಂದರು. ಬೂದಿಯನ್ನು ಬಾಚಿ ತೆಗೆದರು. ಶಿಲೆಯೊಳಗೆ ಉಳಿದಿದ್ದ ಶಾಖದಿಂದಲೇ ಹಲವು ವರ್ಷಗಳ ಕಾಲ ಮನೆಗಳನ್ನು ಬೆಚ್ಚಗಿರಿಸಿಕೊಂಡರು. ಈಗ ಯಾತ್ರಿಕರು ಎಲ್ಡ್‌ಫೆಲ್ ಎಂಬ ಆ ಹೊಸ ಬೆಟ್ಟವನ್ನು ಹತ್ತಬಹುದು. ಬೂದಿಯಿಂದ ಅಗೆದು ತೆಗೆದ ಮನೆಯೊಂದನ್ನು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೂ ಕೋಟ್ಯಂತರ ವರ್ಷಗಳ ಹಿಂದೆ ಕರಗಿ ಹರಿದ ಶಿಲೆಯೇ. ಆದರೆ ಎಲ್ಡ್‌ಫೆಲ್ ಹುಟ್ಟಿದುದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ.

ಇದೇ ಸಮೂಹದ ಸುರ್ಟ್ಸೇ ದ್ವೀಪದ ಕತೆ ಇದಕ್ಕೆ ವಿರುದ್ಧವಾದುದು. 1963ರ ನವೆಂಬರಿನಲ್ಲಿ ಅದು ಕಡಲೊಳಗಿನ ಜ್ವಾಲಾಮುಖಿಯಿಂದ ಮೇಲೆದ್ದಿತು, 1967ರವರೆಗೂ ಬೆಳೆಯಿತು. ಬರಿಗಲ್ಲಿನ ಮೇಲೆ ಜೀವವು ತಾನಾಗಿ ಹೇಗೆ ನೆಲೆಯೂರುತ್ತದೆಂಬುದನ್ನು ತಿಳಿಯಲು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಅಪ್ಪಣೆ ಪಡೆದ ಕೆಲವೇ ವಿಜ್ಞಾನಿಗಳ ಹೊರತು ಯಾರೂ ಅಲ್ಲಿ ಕಾಲಿಡುವಂತಿಲ್ಲ. ಮನುಷ್ಯನಿಂದಾಗಿ ಮೊಳೆತ ಟೊಮೇಟೊ ಗಿಡವೊಂದನ್ನು ಸಹ ಕಿತ್ತುಹಾಕಿದರಂತೆ! 2008ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೆ ಬಂದರಿಲ್ಲ, ಬೇಕಾಗಿಯೂ ಇಲ್ಲ. ಅಲೆಗಳು ಕೊರೆದು ಅದೀಗ ಅರ್ಧಕ್ಕಿಂತಲೂ ಕಿರಿದಾಗಿದೆ. ಅದನ್ನು ಯಾರೂ ತಡೆಯುವುದಿಲ್ಲ.

ಹೇಮೈಯಲ್ಲಿ ಮನುಷ್ಯನು ಪ್ರಕೃತಿಯೊಡನೆ ಹೋರಾಡಿ ತನ್ನ ನೆಲೆಯನ್ನು ಉಳಿಸಿಕೊಂಡನು. ಸುರ್ಟ್ಸೇಯಲ್ಲಿ ಹೋರಾಡದೆ ದೂರ ನಿಂತನು. ಎಲ್ಲಿ ನೀರೆರೆಯಬೇಕು, ಎಲ್ಲಿ ಸುಮ್ಮನೆ ನೋಡಬೇಕು ಎಂಬ ವಿವೇಕವು ಒಂದೇ ಜನರಲ್ಲಿ ಕೂಡಿರುವುದು ಮೆಚ್ಚತಕ್ಕ ವಿಷಯ.