ಹರಾಜಿನ ಕಟ್ಟೆಯೇರಿದ ಶ್ರೀರಂಗಪಟ್ಟಣದ ಕೋವಿ

ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತದಲ್ಲಿ 2019ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಒಂದು ಹರಾಜು ನಡೆಯಿತು. ಯಾವುದೋ ಮನೆಯ ಅಟ್ಟದ ಮೇಲೆ ಹಳೆಯ ವೃತ್ತಪತ್ರಿಕೆಗಳಲ್ಲಿ ಸುತ್ತಿ ಇಟ್ಟು ಮರೆತುಹೋಗಿದ್ದ ಕೆಲವು ಆಯುಧಗಳು ಅಂದು ಬಿಕರಿಗೆ ಬಂದಿದ್ದವು. ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ಮೇಜರ್ ಥಾಮಸ್ ಹಾರ್ಟ್ ಎಂಬಾತನು 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ತನ್ನೊಡನೆ ಕೊಂಡೊಯ್ದ ವಸ್ತುಗಳು ಅವು. ಅವುಗಳ ಪೈಕಿ ಬೆಳ್ಳಿಯ ಕೆಲಸವಿದ್ದ, ತುದಿಗೆ ಬಯೊನೆಟ್ ಸಿಕ್ಕಿಸುವ ಒಂದು ಚಕಮಕಿ ಕೋವಿಯು ಟಿಪ್ಪು ಸುಲ್ತಾನನ ಸ್ವಂತ ಆಯುಧಾಗಾರದ್ದೆಂದು ಗುರುತಿಸಲ್ಪಟ್ಟಿತ್ತು. ಅದರ ಮೈಮೇಲಿದ್ದ ಪೆಟ್ಟಿನ ಗುರುತು ಯುದ್ಧದಲ್ಲಿಯೇ ಆದದ್ದೆಂದು ಹರಾಜಿನವರು ಹೇಳಿದರು. ಲಂಡನ್ನಿನ ಭಾರತೀಯ ಹೈಕಮಿಷನ್ನು ಈ ವಸ್ತುಗಳನ್ನು ಸ್ವದೇಶಕ್ಕೆ ಹಿಂದಿರುಗಿಸುವ ವಿಚಾರವನ್ನು ಪರಿಶೀಲಿಸಬೇಕೆಂದು ಕೇಳಿಕೊಂಡಿತಾದರೂ ಹರಾಜು ನಿಲ್ಲಲಿಲ್ಲ. ಕೋವಿಯು 60,000 ಪೌಂಡುಗಳಿಗೆ ಹೋಯಿತು.

ಇಂದಿನ ಯಾವ ಸೈನಿಕನೂ ಕೈಯಲ್ಲಿ ಹಿಡಿಯಲೊಲ್ಲದ ಈ ಆಯುಧಕ್ಕೆ ಇಷ್ಟು ಹಣವನ್ನು ಕೊಡುವವರು ಯಾರು, ಏಕೆ ಕೊಡುತ್ತಾರೆ? ಹಳೆಯ ನಾಣ್ಯ, ಅಂಚೆಚೀಟಿಗಳ ಸಂಗ್ರಹವು ನಗರವಾಸಿಗಳಿಗೆ ಪರಿಚಿತವಾದ ಹವ್ಯಾಸ. ಸೈನ್ಯದ ಹಳೆಯ ಬಂದೂಕುಗಳ ಸಂಗ್ರಹವೂ ಅದೇ ಜಾತಿಯದು. ಆದರೆ ಹೆಚ್ಚು ದುಬಾರಿ, ಹೆಚ್ಚು ತೊಡಕಿನದು. ಅಮೆರಿಕದ ಕಾನೂನು 1898ರಲ್ಲಿ ಅಥವಾ ಅದಕ್ಕೆ ಮೊದಲು ತಯಾರಾದ ಬಂದೂಕನ್ನು ಪುರಾತನವೆಂದು ಪರಿಗಣಿಸಿ ಲೈಸೆನ್ಸಿನ ಕಟ್ಟುಪಾಡುಗಳಿಂದ ಬಹುಮಟ್ಟಿಗೆ ಬಿಡುಗಡೆ ಮಾಡಿರುವುದರಿಂದ ಅಲ್ಲಿ ಈ ಹವ್ಯಾಸವು ವಿಶೇಷವಾಗಿ ಬೆಳೆದಿದೆ. ಇಂಥ ಸಂಗ್ರಾಹಕರಲ್ಲಿ ಬಹುಮಂದಿ ತಾವು ಕೊಂಡ ಕೋವಿಯಿಂದ ಒಂದು ಈಡನ್ನೂ ಹೊಡೆಯುವುದಿಲ್ಲ. ಅವರು ಅದನ್ನು ಓದುತ್ತಾರೆ.

ಓದುವುದೆಂಬ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಸೈನ್ಯದ ಬಂದೂಕಿನ ಮೈತುಂಬ ಬರವಣಿಗೆಯಿರುತ್ತದೆ. ಕಂಪನಿಯ ಮೊದಲ ಕಾಲದ ಬಂದೂಕುಗಳ ಮೇಲೆ ಹೃದಯದ ಆಕಾರವೊಂದನ್ನು ನಾಲ್ಕು ಮನೆಗಳಾಗಿ ಭಾಗಿಸಿ ಅಕ್ಷರಗಳನ್ನು ತುಂಬಿದ ವ್ಯಾಪಾರದ ಮುದ್ರೆಯಿದೆ. ಸರಕಿನ ಮೂಟೆಗಳ ಮೇಲೆ ಒತ್ತುತ್ತಿದ್ದ ಮುದ್ರೆಯೇ ಅದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದು ಮರೆಯಾಗಿ, ಹಿಂಗಾಲುಗಳ ಮೇಲೆ ಎದ್ದುನಿಂತು ಕಿರೀಟವನ್ನು ಹಿಡಿದ ಸಿಂಹವು ಬಂದಿತು. ಮೂಟೆಯ ಗುರುತು ಹೋಗಿ ಕಿರೀಟ ಹಿಡಿದ ಸಿಂಹ ಬಂದುದರಲ್ಲಿಯೇ ವರ್ತಕನು ದೊರೆಯಾದ ಕಥೆಯೆಲ್ಲ ಅಡಗಿದೆ. ಬ್ರಿಟಿಷ್ ಸರ್ಕಾರದ ಸ್ವತ್ತಿನ ಮೇಲೆ ಅಗಲವಾದ ಬಾಣದ ಗುರುತು ಇರುತ್ತದೆ. ಸೇವೆಯಿಂದ ತೆಗೆದು ಮಾರಿದ ಬಂದೂಕಿನ ಮೇಲೆ ಇನ್ನೊಂದು ಬಾಣವನ್ನು, ಮೊದಲನೆಯದರ ಮೊನೆಗೆ ಮೊನೆ ತಾಗುವಂತೆ ಒತ್ತುತ್ತಿದ್ದರು. ಆ ಎರಡನೆಯ ಬಾಣವಿದ್ದರೆ ಬಂದೂಕು ನ್ಯಾಯವಾಗಿ ಸೈನ್ಯದಿಂದ ಹೊರಬಿದ್ದಿತೆಂದು ತಿಳಿಯಬಹುದು.

ಬಂದೂಕು ಮತ್ತು ರೈಫಲ್ ಎಂಬ ಎರಡು ಮಾತುಗಳನ್ನು ಬಳಕೆಯಲ್ಲಿ ಒಂದೇ ಎಂಬಂತೆ ಆಡುತ್ತೇವಾದರೂ ಸಂಗ್ರಾಹಕನಿಗೆ ಅವೆರಡೂ ಬೇರೆ. ನಳಿಗೆಯ ಒಳಮೈ ನುಣುಪಾಗಿದ್ದರೆ ಮಸ್ಕೆಟ್. ಸುರುಳಿಯಾಗಿ ಗೀರುಗಳನ್ನು ಕೊರೆದಿದ್ದರೆ ರೈಫಲ್. ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸುವುದರಿಂದ ಅದು ದೂರಕ್ಕೂ ನೇರವಾಗಿ ಹೋಗುತ್ತದೆ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾಗಳು 1857ರ ಬಂಡಾಯದ ಕಿಡಿಯಾದುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಬಂಡಾಯ ಅಡಗಿದ ಮೇಲೆ ನಡೆದುದನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಹೊರನೋಟಕ್ಕೆ ಎನ್‌ಫೀಲ್ಡಿನಂತೆಯೇ ಇದ್ದು ಒಳಗೆ ಗೀರುಗಳಿಲ್ಲದ ಬಂದೂಕನ್ನು ಭಾರತೀಯ ಸಿಪಾಯಿಗಳಿಗಾಗಿ ಬೇರೆಯಾಗಿಯೇ ಮಾಡಿಸಿ ಕೊಟ್ಟರು. ಗೋರಾ ಸೈನಿಕನ ಗುಂಡು ತಲುಪಿದಷ್ಟು ದೂರ ಸಿಪಾಯಿಯ ಗುಂಡು ತಲುಪಬಾರದೆಂಬುದು ಅದರ ಉದ್ದೇಶ. ಆ ಅಪನಂಬಿಕೆಯನ್ನು ಇಂದೂ ನಳಿಗೆಯೊಳಗೆ ಬೆಳಕು ಬಿಟ್ಟು ಕಣ್ಣಾರೆ ನೋಡಬಹುದು.

ಇನ್ನು ವಿರಳತೆಯ ಮಾತು. ಅದು ಸ್ಥಿರವಾದ ಗುಣವಲ್ಲ. ನೇಪಾಳದ ಕಾಠ್ಮಂಡುವಿನ ಲಗನ್ ಸಿಲೇಖಾನೆಯಲ್ಲಿ ರಾಣಾಗಳ ಕಾಲದಿಂದ ಹತ್ತಾರು ಸಾವಿರ ಬಂದೂಕುಗಳು ಧೂಳು ತಿನ್ನುತ್ತ ಬಿದ್ದಿದ್ದವು. 2003ರಲ್ಲಿ ಅಮೆರಿಕದ ವರ್ತಕರು ಆ ರಾಶಿಯನ್ನೆಲ್ಲ ಒಟ್ಟಾಗಿ ಕೊಂಡು ಹಡಗಿಗೆ ಏರಿಸಿದರು. ಕಂಪನಿಯ ಕಾಲದ ಮಸ್ಕೆಟ್‌ಗಳು, ಎರಡೇ ಗೀರುಗಳುಳ್ಳ ಬ್ರನ್ಸ್‌ವಿಕ್ ರೈಫಲ್‌ಗಳು, ಮಾರ್ಟಿನಿ-ಹೆನ್ರಿಗಳು, ನೇಪಾಳದಲ್ಲಿಯೇ ತಯಾರಾದ ಗಹೇಂದ್ರ ರೈಫಲ್‌ಗಳು ಎಲ್ಲವೂ ಅದರಲ್ಲಿದ್ದವು. ಅದುವರೆಗೆ ಗಹೇಂದ್ರದ ಹೆಸರನ್ನು ಕೇಳಿದ್ದ ಸಂಗ್ರಾಹಕರೇ ವಿರಳ; ಬಳಿಕ ಯಾರು ಬೇಕಾದರೂ ಕೊಳ್ಳಬಹುದಾಯಿತು. ಜೀವಮಾನವೆಲ್ಲ ಹುಡುಕಿ ಒಂದು ಬ್ರನ್ಸ್‌ವಿಕ್ಕನ್ನು ಸಂಪಾದಿಸಿದ್ದವನ ಮುಖ ಆ ದಿನಗಳಲ್ಲಿ ಹೇಗಿದ್ದಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಶ್ರೀರಂಗಪಟ್ಟಣದ ಕೋವಿಗಳಿಗೆ ಅಂತಹ ಭಯವಿಲ್ಲ; ಅವುಗಳ ಮತ್ತೊಂದು ರಾಶಿ ಎಲ್ಲಿಯೂ ಅವಿತಿಲ್ಲ. 1799ರ ಮೇ 4ರಂದು ಕೋಟೆಯು ಬಿದ್ದಾಗ ಸಿಕ್ಕಿದುದನ್ನು ಕಂಪನಿಯ ಸೈನ್ಯದವರು ದರ್ಜೆಗೆ ತಕ್ಕಂತೆ ಹಂಚಿಕೊಂಡರು. ಕೆಲವು ವಿಂಡ್ಸರಿನ ರಾಜಸಂಗ್ರಹವನ್ನು ಸೇರಿದವು. ಕೆಲವು ಕ್ಲೈವ್ ಮನೆತನದವರ ಪೊವಿಸ್ ಕೋಟೆಗೆ ಹೋದವು. ಉಳಿದವು ಅಧಿಕಾರಿಗಳ ಮನೆಗಳ ಗೋಡೆಗಳನ್ನೋ ಅಟ್ಟಗಳನ್ನೋ ಸೇರಿ ತಲೆಮಾರುಗಳನ್ನು ಕಳೆದವು.

ಇವು ಕೈಕೆಲಸದ ದೃಷ್ಟಿಯಿಂದ ಸಾಮಾನ್ಯವಾದವುಗಳಲ್ಲ. ಟಿಪ್ಪುವಿನ ಕಾರ್ಖಾನೆಗಳಲ್ಲಿ ಫ್ರೆಂಚ್ ಕುಶಲಕರ್ಮಿಗಳ ನೆರವು ಇದ್ದಿತಾದರೂ ಕೋವಿಗಳು ಯೂರೋಪಿನ ನಕಲುಗಳಾಗಿ ಉಳಿಯಲಿಲ್ಲ. ನಳಿಗೆಯ ಮೇಲೆ ಹುಲಿಯ ಪಟ್ಟೆಗಳು, ಚಕಮಕಿ ಕಲ್ಲನ್ನು ಕಚ್ಚಿ ಹಿಡಿಯುವ ಕೊಕ್ಕಿನಲ್ಲಿ ಹುಲಿ, ಕೆಲವುಗಳಲ್ಲಿ ಪರ್ಷಿಯನ್ ಅಕ್ಷರಗಳನ್ನೇ ಹೆಣೆದು ರಚಿಸಿದ ಹುಲಿಯ ಮುಖ. ತಯಾರಾದ ಸ್ಥಳವನ್ನು ‘ಪಟನ್’ ಎಂದು, ಅಂದರೆ ಪಟ್ಟಣವೆಂದೇ, ಕೆತ್ತಿರುವುದುಂಟು. ಅಸದ್ ಖಾನ್ ಮುಹಮ್ಮದನಂತಹ ಕಮ್ಮಾರರ ಹೆಸರುಗಳೂ ಸಿಗುತ್ತವೆ. ಆಳಿದವರ ಹೆಸರುಗಳಷ್ಟೇ ಉಳಿಯುವ ಚರಿತ್ರೆಯಲ್ಲಿ ಇದು ಅಪೂರ್ವ. ತಾರೀಖನ್ನು ಓದುವುದಕ್ಕೆ ಮಾತ್ರ ಕೀಲಿಕೈ ಬೇಕು. ಟಿಪ್ಪುವು ತನ್ನದೇ ಆದ ಮೌಲೂದಿ ಶಕೆಯನ್ನು ಜಾರಿಗೆ ತಂದು ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಆದುದರಿಂದ ಕ್ರಿಸ್ತಶಕ 1793-94ಕ್ಕೆ ಸಮನಾದ 1222 ಎಂಬುದು ಲೋಹದ ಮೇಲೆ 2221 ಎಂಬಂತೆ ತೋರುತ್ತದೆ. ಇದನ್ನರಿಯದವನು ಹಿಜರಿಯೆಂದು ಲೆಕ್ಕಹಾಕಿ ದಾರಿ ತಪ್ಪುವನು.

ಈ ಗುರುತುಗಳನ್ನೆಲ್ಲ ಒಂದೆಡೆ ಕಲೆಹಾಕಿ, ಟಿಪ್ಪುವಿನ ಬಂದೂಕುಗಳ ಮೇಲೆ 1992ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದವನು ರಾಬಿನ್ ವಿಗಿಂಗ್‌ಟನ್ ಎಂಬ ಇಂಗ್ಲಿಷ್ ಸಂಗ್ರಾಹಕ. ಲೂಟಿಯಾಗಿ ಹೋದುದನ್ನು ಹಣಕೊಟ್ಟು ಕೊಂಡು ಕೂಡಿಸಿದವನನ್ನು ಹೊಗಳಬೇಕೇ, ತೆಗಳಬೇಕೇ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಚೆದುರಿಹೋದ ಕೋವಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ಹೋಲಿಸಿ ನೋಡಿದವರು ಇಲ್ಲದೆ ಹೋಗಿದ್ದರೆ ಶ್ರೀರಂಗಪಟ್ಟಣದ ಕಮ್ಮಾರನ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಆತನ ಸಂಗ್ರಹವೂ ಕೊನೆಗೆ ಹರಾಜಿನಲ್ಲಿಯೇ ಚೆದುರಿತು. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಸಂಸ್ಥೆಯು ಟಿಪ್ಪುವಿಗೆ ಸಂಬಂಧಿಸಿದ ಸುಮಾರು 30 ವಸ್ತುಗಳನ್ನು ಮಾರಿ 60 ಲಕ್ಷ ಪೌಂಡುಗಳಿಗೂ ಮೀರಿದ ಮೊತ್ತವನ್ನು ಗಳಿಸಿತು. ಒಂದೇ ನಳಿಗೆಯಲ್ಲಿ ಹಿಂದುಮುಂದಾಗಿ ಎರಡು ಈಡುಗಳನ್ನು ತುಂಬಬಹುದಾಗಿದ್ದ, 1793-94ರಲ್ಲಿ ತಯಾರಾದ ಬೇಟೆಯ ಕೋವಿಯೊಂದಕ್ಕೇ 7,22,500 ಪೌಂಡುಗಳು ಬಂದವು.

ಈ ಅಂಕಿಯಲ್ಲಿ ಸುತ್ತಿಗೆ ಬಿದ್ದಾಗಿನ ಕೂಗಿನ ಬೆಲೆಯ ಜೊತೆಗೆ ಕೊಂಡವನು ಹರಾಜಿನವರಿಗೆ ಕೊಡಬೇಕಾದ ಕಮಿಷನ್ನೂ ಸೇರಿದೆ. ಕೂಗುವ ಮುನ್ನ ಇದನ್ನು ಲೆಕ್ಕ ಹಾಕದೆ ಉತ್ಸಾಹದಿಂದ ಕೈಯೆತ್ತಿದವರು ಮನೆಗೆ ಹೋಗಿ ಪರಿತಪಿಸುವುದುಂಟು. ಇನ್ನೊಂದು ಅಪಾಯವೆಂದರೆ ಖೋಟಾ ಮಾಲು. ಖೈಬರ್ ಕಣಿವೆಯ ಕಡೆಯ ಕಮ್ಮಾರರು ಬ್ರಿಟಿಷ್ ರೈಫಲ್‌ಗಳನ್ನು ಕೈಯಿಂದಲೇ ನಕಲು ಮಾಡುವುದರಲ್ಲಿ ಪ್ರವೀಣರು; ಆದರೆ ಇಂಗ್ಲಿಷ್ ಬಾರದವರು. ಆದಕಾರಣ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತವೆ. 1901ರಲ್ಲಿ ತೀರಿಕೊಂಡ ವಿಕ್ಟೋರಿಯಾ ರಾಣಿಯ ಮುದ್ರೆಯು ಅದಕ್ಕಿಂತ ಈಚಿನ ಇಸವಿಯ ಪಕ್ಕದಲ್ಲಿ ಕುಳಿತಿರುತ್ತದೆ. ಒಂದು ಕೋವಿಯ ನಳಿಗೆಗೆ ಇನ್ನೊಂದರ ಮರವನ್ನೂ ಮೂರನೆಯದರ ಚಕಮಕಿಯನ್ನೂ ಜೋಡಿಸಿದ ಮಾಲುಗಳಿಗೂ ಕೊರತೆಯಿಲ್ಲ.

ಭಾರತದಲ್ಲಿದ್ದುಕೊಂಡು ಈ ಹವ್ಯಾಸಕ್ಕೆ ಕೈಹಾಕಬಯಸುವವರು ಎರಡು ಕಾನೂನುಗಳನ್ನು ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಆದರೆ 1799ರಲ್ಲಿಯೇ ಹೋದುದನ್ನು ಮರಳಿ ತರಿಸುವ ಶಕ್ತಿ ಆ ಕಾಯಿದೆಗಿಲ್ಲ. ಎರಡನೆಯದು 1959ರ ಶಸ್ತ್ರಾಸ್ತ್ರ ಕಾಯಿದೆ. ಹಳೆಯ ಮಾದರಿಯ ಆಯುಧಗಳಿಗೆ ಅದರಲ್ಲಿ ವಿನಾಯಿತಿಯಿದೆಯೆಂದು ಕೇಳಿ ಹಲವರು ನೆಮ್ಮದಿಯಿಂದಿರುತ್ತಾರೆ. ಆ ವಿನಾಯಿತಿಯು ರಿಪೇರಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾಗದಂತಹ ಬಂದೂಕಿಗೆ ಮಾತ್ರ. ಮುತ್ತಜ್ಜನ ಕಾಲದ್ದಾದರೂ ಹಾರುವ ಸ್ಥಿತಿಯಲ್ಲಿರುವ ಕೋವಿಗೆ ಲೈಸೆನ್ಸು ಬೇಕೇ ಬೇಕು.

ಈ ಮಾತು ಮುಂಬಯಿ, ಪುಣೆ, ಮದರಾಸುಗಳಿಗೆ ಬಂದು ನೆಲಸಿದ ಮಲೆನಾಡಿನ ಹಾಗೂ ಕೊಡಗಿನ ಕುಟುಂಬಗಳಿಗೆ ಹತ್ತಿರದ್ದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಪರಂಪರಾಗತವಾದ ವಿನಾಯಿತಿಯಿದ್ದು, ಕೇಂದ್ರ ಸರ್ಕಾರವು 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಮುಹೂರ್ತದ ದಿನ ತೋಕ್‌ಪೂವನ್ನು ಸಿಕ್ಕಿಸಿಕೊಂಡು ಪೂಜೆಗೊಳ್ಳುವ ಕೋವಿಗಳಲ್ಲಿ ಸಂಗ್ರಾಹಕರು ಕಣ್ಣಿಡುವಂತಹವು ಇದ್ದರೆ ಆಶ್ಚರ್ಯವಿಲ್ಲ. ಇತರರ ಮನೆಗಳಲ್ಲಿ ಲೈಸೆನ್ಸುದಾರರಾದ ಹಿರಿಯರು ತೀರಿಕೊಂಡ ಮೇಲೆ ಕೋವಿಯು ಹಾಗೆಯೇ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ಪೊಲೀಸ್ ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠೇವಣಿಯಿಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬೇಕು.

ಅಂಥ ಕೋವಿಯನ್ನು ಮುಟ್ಟುವ ಮೊದಲು ಅದು ಖಾಲಿಯೆಂದು ನಂಬಬಾರದು. ಬಾಯಿಯಿಂದ ಮದ್ದು ಗಿಡಿಯುವ ಕೇಪಿನ ಕೋವಿಗಳಲ್ಲಿ ಹಿಂದಿನವರು ತುಂಬಿಟ್ಟ ಈಡು ಹಾಗೆಯೇ ಉಳಿದಿರುವುದು ಅಪರೂಪವಲ್ಲ. ಕರಿಮದ್ದು ಒಣಗಿದ್ದರೆ ನೂರು ವರ್ಷಗಳಾದರೂ ಶಕ್ತಿಗುಂದುವುದಿಲ್ಲ. ತಿಳಿದವರು ನಳಿಗೆಯೊಳಗೆ ಮರದ ಗಜವನ್ನು ಮೆಲ್ಲನೆ ಇಳಿಸಿ, ಬಾಯಿಯ ಬಳಿ ಗುರುತು ಹಾಕಿ, ಹೊರತೆಗೆದು ಹೊರಮೈಗೆ ಅಳತೆ ಹಿಡಿಯುತ್ತಾರೆ. ಗಜವು ಕಿವಿಯ ತೂತಿನವರೆಗೆ ತಲುಪದೆ ಕೆಲವು ಅಂಗುಲ ಮುಂದೆಯೇ ನಿಂತಿದ್ದರೆ ಒಳಗೆ ಏನೋ ಇದೆ. ಅನಂತರದ ಕೆಲಸ ಮನೆಯವರದಲ್ಲ, ಬಂದೂಕು ರಿಪೇರಿಯವನದು.

ಜೊತೆಯಲ್ಲಿ ಹಳೆಯ ಸೀಸದ ಗುಂಡುಗಳಿದ್ದರೆ ಮತ್ತೊಂದು ಎಚ್ಚರಿಕೆ ಅಗತ್ಯ. ಮುಚ್ಚಿದ ಪೆಟ್ಟಿಗೆಯಲ್ಲಿ ದೀರ್ಘಕಾಲವಿದ್ದ ಸೀಸದ ಮೇಲೆ ಬಿಳಿಯ ಹುಡಿ ಕಟ್ಟುತ್ತದೆ. ಅದು ಕೈಯಿಂದ ಬಾಯಿಗೆ ಹೋದರೆ ವಿಷ. ಹೊಟ್ಟೆನೋವು, ರಕ್ತಹೀನತೆ, ನರಗಳ ದೌರ್ಬಲ್ಯ ಅದರ ಲಕ್ಷಣಗಳು. ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಅಲ್ಪ ಪ್ರಮಾಣದಲ್ಲಿಯೂ ಹಾನಿ ಮಾಡುತ್ತದೆ. ಆ ಪೆಟ್ಟಿಗೆಯನ್ನು ಅಡುಗೆಮನೆಗೆ ತರಬಾರದು. ಮಕ್ಕಳೂ ಗರ್ಭಿಣಿಯರೂ ಅದನ್ನು ಮುಟ್ಟದಿರಲಿ. ಒಣಬಟ್ಟೆಯಿಂದ ಝಾಡಿಸದೆ ಒದ್ದೆ ಬಟ್ಟೆಯಿಂದ ಒರಸಿ, ಸಾಬೂನಿನಿಂದ ಕೈ ತೊಳೆದುಕೊಳ್ಳಬೇಕು.

ಆದರೆ ಕೋವಿಗೆ ಎಲ್ಲಕ್ಕಿಂತ ಹೆಚ್ಚಿನ ಅಪಾಯವಿರುವುದು ಮನೆಯವರ ಪ್ರೀತಿಯಿಂದ. ಆಯುಧಪೂಜೆಗೆಂದು ಹುಣಿಸೆಹಣ್ಣು, ಇಟ್ಟಿಗೆಯ ಪುಡಿಗಳಿಂದ ಫಳಫಳನೆ ಉಜ್ಜಿ ಮರಕ್ಕೆ ಹೊಸ ವಾರ್ನಿಷನ್ನು ಬಳಿದ ಕೋವಿಯು ನೋಡಲು ಅಂದವಾಗಿರಬಹುದು. ಹರಾಜಿನವನು ಮಾತ್ರ ಅದನ್ನು ಕಂಡೊಡನೆ ಮುಖ ತಿರುಗಿಸುವನು. ಇಸವಿಯ ಅಂಕಿ, ಮಾಡಿದವನ ಹೆಸರು, ಸಿಂಹ, ಬಾಣ, ಹುಲಿಯ ಪಟ್ಟೆ ಎಲ್ಲವೂ ಲೋಹದ ಮೇಲೆ ಕೂದಲೆಳೆಯಷ್ಟು ಆಳದಲ್ಲಿರುತ್ತವೆ. ಪ್ರತಿವರ್ಷ ಉಜ್ಜಿದರೆ ಒಂದು ತಲೆಮಾರಿನಲ್ಲಿ ಅಳಿಸಿಹೋಗುತ್ತವೆ. ತೆಳುವಾಗಿ ಎಣ್ಣೆ ಸವರಿದ ಮೆತ್ತನೆಯ ಬಟ್ಟೆಯಷ್ಟೇ ಅದಕ್ಕೆ ಸಾಕು. ಕೋವಿಯು ಯಾರ ಕಾಲದಲ್ಲಿ, ಎಲ್ಲಿಂದ ಮನೆಗೆ ಬಂದಿತೆಂಬುದನ್ನು ಬಲ್ಲ ಅಜ್ಜಿಯಂದಿರು ಇನ್ನೂ ಇದ್ದರೆ ಅವರ ಮಾತನ್ನು ಬರೆದು ಹಳೆಯ ಲೈಸೆನ್ಸಿನ ಪುಸ್ತಕದೊಡನೆ ಇಟ್ಟುಕೊಳ್ಳಬೇಕು. ಮೇಜರ್ ಹಾರ್ಟನ ಕೋವಿಗೆ ಬಂದ 60,000 ಪೌಂಡುಗಳಲ್ಲಿ ಬೆಳ್ಳಿಯ ಬೆಲೆ ಎಷ್ಟು ಮಹಾ!

ಇಂಥ ಆಯುಧಗಳನ್ನು ಕಣ್ಣಾರೆ ನೋಡಬಯಸುವವರು ಲಂಡನ್ನಿಗೆ ಹೋಗಬೇಕಾಗಿಲ್ಲ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯ, ಪುಣೆಯ ಕೇಳ್ಕರ್ ಸಂಗ್ರಹಾಲಯ, ಹೈದರಾಬಾದಿನ ಸಾಲಾರ್ ಜಂಗ್, ಚೆನ್ನೈಯ ಎಗ್ಮೋರಿನ ಸರ್ಕಾರಿ ಮ್ಯೂಸಿಯಮ್ಮು, ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಇವುಗಳಲ್ಲೆಲ್ಲ ಆಯುಧಗಳ ಸಂಗ್ರಹವಿದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದವರು ಸಾಮಾನ್ಯವಾಗಿ ಕತ್ತಿಗಳ ಮುಂದೆ ನಿಂತು ಬಂದೂಕುಗಳನ್ನು ದಾಟಿ ನಡೆದುಬಿಡುತ್ತಾರೆ. ಮುಂದಿನ ಸಲ ಗಾಜಿಗೆ ಕಣ್ಣಿಟ್ಟು ಚಕಮಕಿಯ ತಗಡಿನ ಮೇಲೆ ಸಿಂಹವಿದೆಯೇ, ಬಾಣವಿದೆಯೇ ಎಂದು ಮಕ್ಕಳಿಂದಲೇ ಹುಡುಕಿಸಬಹುದು. ಹುಲಿಯ ಪಟ್ಟೆ ಕಂಡರೆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಿಸಬೇಕು.