ಪುಟ್ಟ ಕಾರಿನ ಹಿಂದೆ ದೋಣಿ: ಎಳೆಯುವುದು ಸುಲಭ, ನಿಲ್ಲಿಸುವುದು ಕಷ್ಟ

ನವನಗರ (ಹುಬ್ಬಳ್ಳಿ-ಧಾರವಾಡ): ಅವಳಿ ನಗರಕ್ಕೆ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಆದರೂ ನವನಗರದಿಂದ ಹೊರಟವರಿಗೆ ನೀರು ತೀರಾ ದೂರದ ಮಾತಲ್ಲ. ಉಣಕಲ್ ಕೆರೆ ಕೆಲವೇ ನಿಮಿಷಗಳ ಹಾದಿ. ಹಳಿಯಾಳದ ಮಾರ್ಗವಾಗಿ ಸಾಗಿದರೆ ದಾಂಡೇಲಿಯಲ್ಲಿ ಕಾಳಿ ನದಿ. ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಘಟ್ಟವಿಳಿದರೆ ಅಂಕೋಲೆ ಮತ್ತು ಕಾರವಾರದ ಕಡಲು. ಗಾಳ ಹಾಕುವ, ಹುಟ್ಟು ಹಾಕುವ ಹವ್ಯಾಸವುಳ್ಳವರಿಗೆ ಸ್ವಂತದ್ದೊಂದು ಪುಟ್ಟ ದೋಣಿಯಿರಲಿ, ಅದನ್ನು ಮನೆಯ ಕಾರಿನ ಹಿಂದೆ ಕಟ್ಟಿಕೊಂಡು ರಜಾದಿನಗಳಲ್ಲಿ ಹೊರಡುವಂತಾಗಲಿ ಎಂಬ ಆಸೆ ಹುಟ್ಟುವುದು ಸಹಜವೇ. ವಿದೇಶಗಳ ರಸ್ತೆಗಳಲ್ಲಿ ಇಂಥ ದೃಶ್ಯವನ್ನು ಕಂಡು ಬಂದವರಿಗಂತೂ ಇದು ಅತಿ ಸುಲಭದ ಕೆಲಸವೆನಿಸುತ್ತದೆ.

ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಕಾರು ಇಂಥ ದೋಣಿಯನ್ನು ಎಳೆಯಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ, ಎಳೆಯಬಲ್ಲುದು ಎಂದೇ. ಆದರೆ ಕೇಳಬೇಕಾದ ಪ್ರಶ್ನೆ ಅದಲ್ಲ. ಎಳೆದುಕೊಂಡು ಹೋದ ಭಾರವನ್ನು ಅರಬೈಲ್ ಘಟ್ಟದ ತಿರುವಿನಲ್ಲಿ ಆ ಕಾರು ನಿಲ್ಲಿಸಬಲ್ಲುದೇ ಮತ್ತು ದಾರಿಯಲ್ಲಿ ಪೊಲೀಸರೋ ವಿಮಾ ಕಂಪನಿಯೋ ಕಾಗದ ಕೇಳಿದರೆ ತೋರಿಸಲು ಏನಿದೆ ಎಂಬುದು ನಿಜವಾದ ಪ್ರಶ್ನೆ.

ತೂಕದ ಲೆಕ್ಕ

ಮೊದಲು ತಕ್ಕಡಿಯ ಮಾತು. ಹನ್ನೆರಡು ಅಡಿ ಉದ್ದದ ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿಯ ಒಡಲು ಸುಮಾರು 100 ಕಿಲೋ ತೂಗುತ್ತದೆ. ಹತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು 40 ಕಿಲೋದ ಆಸುಪಾಸು. ಇಂಧನ, ಲಂಗರು, ಹಗ್ಗ, ಜೀವರಕ್ಷಕ ಕವಚಗಳು ಸೇರಿ ಇನ್ನೊಂದು 35-40 ಕಿಲೋ. ಇವೆಲ್ಲವನ್ನೂ ಹೊರುವ ಉಕ್ಕಿನ ಟ್ರೇಲರ್ 120 ಕಿಲೋಗಿಂತ ಹಗುರವಾಗಿರುವುದು ಅಪರೂಪ. ಒಟ್ಟಿನಲ್ಲಿ 300 ಕಿಲೋ. ಎಳೆಯುವ ಕಾರಿನ ಸ್ವಂತ ತೂಕ ಸುಮಾರು 900 ಕಿಲೋ ಎಂದಿಟ್ಟುಕೊಂಡರೆ, ಹಿಂದಿರುವುದು ಅದರ ಮೂರನೆಯ ಒಂದು ಭಾಗ.

ಇದು ಮಿತಿ ಮೀರಿದ್ದೆಂದು ಹೇಳಲಾಗದು. ಬ್ರಿಟನ್ನಿನಲ್ಲಿ ಸ್ವಂತ ಬ್ರೇಕ್ ಇಲ್ಲದ ಟ್ರೇಲರಿನ ತೂಕ 750 ಕಿಲೋವನ್ನಾಗಲೀ, ಎಳೆಯುವ ಕಾರಿನ ತೂಕದ ಅರ್ಧವನ್ನಾಗಲೀ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಆ ಲೆಕ್ಕದಲ್ಲಿ ನಮ್ಮ ದೋಣಿಗೆ ಪರವಾನಿಗೆ ಸಿಕ್ಕೀತು. ಆದರೆ ಅಲ್ಲಿ ಈ ನಿಯಮದ ಜೊತೆಗೆ ಕಾರಿನ ತಯಾರಕರು ನಮೂದಿಸುವ ಎಳೆತದ ಮಿತಿಯೂ ಇರುತ್ತದೆ. ಭಾರತದಲ್ಲಿ ಮಾರಾಟವಾಗುವ ಪುಟ್ಟ ಕಾರುಗಳ ಪೈಕಿ ಹಲವುಗಳ ಕೈಪಿಡಿಯಲ್ಲಿ ಆ ಸಂಖ್ಯೆ ಇರುವುದಿಲ್ಲ. ಅದರ ಬದಲು, ಈ ವಾಹನವನ್ನು ಟ್ರೇಲರ್ ಎಳೆಯಲು ಶಿಫಾರಸು ಮಾಡುವುದಿಲ್ಲ ಎಂಬ ಅರ್ಥದ ವಾಕ್ಯವೊಂದಿರುತ್ತದೆ. ಕೈಪಿಡಿಯನ್ನು ಓದುವ ಮಾಲೀಕರು ಕಡಿಮೆಯಾದ್ದರಿಂದ ಈ ವಾಕ್ಯ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ. ಅಪಘಾತವಾದ ನಂತರ ಅದನ್ನು ಓದುವವರು ಬೇರೆಯವರಿರುತ್ತಾರೆ.

ಚಕ್ಕಡಿ ಕಲಿಸುವ ಪಾಠ

ನವನಗರದ ಮಗ್ಗುಲಲ್ಲೇ ಇರುವ ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣಕ್ಕೆ ಹತ್ತಿ, ಮೆಣಸಿನಕಾಯಿ ಹೇರಿಕೊಂಡು ಬಂದ ಹಳೆಯ ರೈತರಿಗೆ ಟ್ರೇಲರಿನ ವಿಜ್ಞಾನವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಕ್ಕಡಿಯಲ್ಲಿ ಹೇರು ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಎತ್ತುಗಳ ಕೊರಳಿನ ಹಗ್ಗ ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ನೊಗದ ಮೇಲೆ ಹದವಾದ ಭಾರ ಬೀಳುವಂತೆ ಹೇರುವುದೇ ಜಾಣತನ.

ಕಾರಿನ ಹಿಂಬದಿಯ ಕೊಂಡಿಯೂ ಒಂದು ನೊಗವೇ. ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಐದರಿಂದ ಹತ್ತರಷ್ಟು, ಅಂದರೆ ನಮ್ಮ ಉದಾಹರಣೆಯಲ್ಲಿ 15ರಿಂದ 30 ಕಿಲೋ, ಆ ಕೊಂಡಿಯ ಮೇಲೆ ಕೆಳಮುಖವಾಗಿ ಕೂರಬೇಕು. ದೋಣಿಯ ವಿಷಯದಲ್ಲಿ ಇಲ್ಲೊಂದು ಮೋಸವಿದೆ. ಮೋಟಾರು ಇರುವುದು ದೋಣಿಯ ಹಿಂತುದಿಯಲ್ಲಿ. ಇಂಧನದ ಡಬ್ಬಿಯನ್ನೂ ಸಾಮಾನ್ಯವಾಗಿ ಅಲ್ಲಿಯೇ ಇಡುತ್ತಾರೆ. ಹೀಗೆ ಹಿಂಭಾರವಾದ ಟ್ರೇಲರ್ ಕಾರಿನ ಹಿಂದಿನ ಗಾಲಿಗಳನ್ನು ಹಗುರಗೊಳಿಸುತ್ತದೆ. ಗಂಟೆಗೆ ಅರವತ್ತು ಕಿಲೋಮೀಟರ್ ದಾಟಿದ ಮೇಲೆ, ಲಾರಿಯೊಂದು ಪಕ್ಕದಲ್ಲಿ ಹಾದುಹೋದ ಗಾಳಿಗೆ, ಅದು ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ. ಒಮ್ಮೆ ಶುರುವಾದ ಓಲಾಟ ತಾನಾಗಿ ಬೆಳೆಯುತ್ತ ಕಾರನ್ನೇ ಅಡ್ಡಗಟ್ಟಿ ನಿಲ್ಲಿಸಬಹುದು. ಆಗ ಗಾಬರಿಯಿಂದ ಬ್ರೇಕ್ ಒತ್ತುವುದು ತಪ್ಪು. ಆಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ನೇರವಾಗಿ ಹಿಡಿದು, ವೇಗ ತಾನಾಗಿ ತಗ್ಗಲು ಬಿಡಬೇಕು. ಇದಕ್ಕಿಂತ ಸುಲಭದ ಉಪಾಯವೆಂದರೆ ಹೊರಡುವ ಮೊದಲೇ ಮೋಟಾರನ್ನು ಬಿಚ್ಚಿ ಕಾರಿನ ಡಿಕ್ಕಿಯಲ್ಲಿ ಮಲಗಿಸುವುದು.

ಘಟ್ಟ

ಸಮತಟ್ಟಾದ ರಸ್ತೆಯಲ್ಲಿ 300 ಕಿಲೋದ ಟ್ರೇಲರನ್ನು ಎಳೆಯಲು ಬೇಕಾಗುವ ಬಲ ಅತ್ಯಲ್ಪ. ಕಲಘಟಗಿ ದಾಟುವವರೆಗೆ ಚಾಲಕನಿಗೆ ಹಿಂದೆ ದೋಣಿಯಿದೆ ಎಂಬುದೇ ಮರೆತುಹೋಗಬಹುದು. ಅಪಾಯವಿರುವುದು ಆ ಮರೆವಿನಲ್ಲಿಯೇ.

ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಎತ್ತರದಲ್ಲಿದೆ. ಅಂಕೋಲೆ ಕಡಲ ದಂಡೆಯಲ್ಲಿ. ಕಾರು, ಇಬ್ಬರು ಪ್ರಯಾಣಿಕರು, ಸಾಮಾನು, ದೋಣಿ ಎಲ್ಲ ಸೇರಿ 1,400 ಕಿಲೋ ತೂಕದ ಜೋಡಿಯೊಂದು ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ತರಲು ಸಾಕು. ಅದರಲ್ಲೊಂದು ಪಾಲನ್ನು ಗಾಳಿಯೂ ರಸ್ತೆಯೂ ಎಂಜಿನ್ನೂ ನುಂಗುತ್ತವೆ. ಉಳಿದುದೆಲ್ಲ ಬ್ರೇಕಿನ ತಟ್ಟೆಗಳಲ್ಲಿ ಶಾಖವಾಗಿ ಸೇರಬೇಕು. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪಾಲಿನ ಕೆಲಸವನ್ನೂ ಕಾರಿನ ಬ್ರೇಕುಗಳೇ ಮಾಡಬೇಕು. ಅಂದರೆ ಅವುಗಳ ಹೊರೆ ಕಾಲು ಭಾಗಕ್ಕಿಂತಲೂ ಹೆಚ್ಚಾಗುತ್ತದೆ. ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಅದೂ ಕೊನೆಯ ತಿರುವುಗಳಲ್ಲಿ.

ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬಂದು ಎಂಜಿನ್ನಿನ ತಡೆಯಲ್ಲೇ ಇಳಿಯಬೇಕು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಟ್ರೇಲರ್ ಕಟ್ಟಿಕೊಂಡವರಿಗೆ ಅದು ಆತ್ಮಹತ್ಯೆಗೆ ಸಮಾನ. ತಿರುವಿನೊಳಗೆ ಬ್ರೇಕ್ ಒತ್ತಿದರೆ ಹಿಂದಿನ ಭಾರ ಕಾರನ್ನು ಪಕ್ಕಕ್ಕೆ ನೂಕುತ್ತದೆಂಬುದನ್ನೂ ನೆನಪಿಡಬೇಕು. ವೇಗ ತಗ್ಗಿಸುವ ಕೆಲಸವೆಲ್ಲ ತಿರುವಿಗೆ ಮುಂಚೆಯೇ ಮುಗಿದಿರಬೇಕು.

ಮರಳುವಾಗ ಇನ್ನೊಂದು ಬಗೆಯ ಕಷ್ಟ. ಇಂದಿನ ಪುಟ್ಟ ಕಾರುಗಳಲ್ಲಿ ಹೆಚ್ಚಿನವು ಮುಂಗಾಲಿಗಳಿಂದ ಚಲಿಸುವಂಥವು. ಕೊಂಡಿಯ ಭಾರ ಹಿಂದೆ ಕೂತಾಗ ಮೂತಿ ಹಗುರಾಗುತ್ತದೆ. ನೀರಿನ ಅಂಚಿನ ಪಾಚಿಗಟ್ಟಿದ ಇಳಿಜಾರಿನಿಂದ ತೊಯ್ದ ದೋಣಿಯನ್ನು ಮೇಲಕ್ಕೆಳೆಯುವ ಹೊತ್ತಿಗೆ ಆ ಗಾಲಿಗಳು ಬರೀ ತಿರುಗುತ್ತವೆ, ಕ್ಲಚ್ಚಿನ ವಾಸನೆ ಬರುತ್ತದೆ. ಅದಿರಲಿ, ನಮ್ಮ ಕೆರೆಗಳ ದಂಡೆಯಲ್ಲಿ ಸಾಮಾನ್ಯವಾಗಿ ಇರುವುದು ಮೆಟ್ಟಿಲು ಮತ್ತು ಕಲ್ಲುಕಟ್ಟಣೆ. ವಾಹನವನ್ನು ನೀರಿನತನಕ ಒಯ್ಯುವ ಇಳಿಜಾರು ಸಿಗುವುದೇ ಅಪರೂಪ. ಸಿಕ್ಕರೂ ದೂರದಿಂದ ಬಂದ ಟ್ರೇಲರಿನ ಬಿಸಿಯಾದ ಗಾಲಿಯ ಬೇರಿಂಗುಗಳನ್ನು ಒಡನೆಯೇ ನೀರಿಗಿಳಿಸಬಾರದು. ಥಟ್ಟನೆ ತಣಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗ್ರೀಸ್ ಹಾಳಾಗುತ್ತದೆ. ಅರ್ಧ ಗಂಟೆ ತಣಿಯಲು ಬಿಡುವುದು ಕ್ಷೇಮ.

ಕಾನೂನಿನ ಕಣ್ಣಲ್ಲಿ ಟ್ರೇಲರೂ ಮೋಟಾರು ವಾಹನ

ಎಂಜಿನ್ ಇಲ್ಲದ್ದಕ್ಕೆ ನೋಂದಣಿ ಏಕೆ ಎಂದು ಕೇಳುವವರಿದ್ದಾರೆ. 1988ರ ಮೋಟಾರು ವಾಹನಗಳ ಕಾಯ್ದೆ ‘ಮೋಟಾರು ವಾಹನ’ ಎಂಬ ಪದದ ವ್ಯಾಖ್ಯೆಯಲ್ಲೇ ಟ್ರೇಲರನ್ನು ಸೇರಿಸಿದೆ. ಆದಕಾರಣ ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಮೂರನೆಯವರ ಹಾನಿಗೆ ವಿಮೆ ಬೇಕು. ಎಳೆಯುವ ಕಾರಿನ ಸಂಖ್ಯೆಯನ್ನು ಟ್ರೇಲರಿನ ಮೇಲೂ ಕಾಣುವಂತೆ ಬರೆಸಬೇಕು. ಬ್ರೇಕ್ ದೀಪ ಮತ್ತು ಸೂಚಕ ದೀಪಗಳು ಹಿಂದೆಯೂ ಉರಿಯಬೇಕು.

ನವನಗರದವರಿಗೆ ಆರ್.ಟಿ.ಓ. ಕಚೇರಿ ದೂರವಿಲ್ಲ, ಬಿ.ಆರ್.ಟಿ.ಎಸ್. ಮಾರ್ಗದಲ್ಲಿ ಅದರ ಹೆಸರಿನದೇ ನಿಲ್ದಾಣವಿದೆ. ಕಷ್ಟ ಬೇರೆಯೇ ಇದೆ. ನೋಂದಣಿಯ ಅರ್ಜಿಯೊಂದಿಗೆ ಮಾರಾಟದ ಪ್ರಮಾಣಪತ್ರ, ವಾಹನ ರಸ್ತೆಗೆ ಯೋಗ್ಯವೆಂಬ ತಯಾರಕರ ಪ್ರಮಾಣಪತ್ರ ಇತ್ಯಾದಿ ದಾಖಲೆಗಳಿರಬೇಕು. ಕೈಗಾರಿಕಾ ವಸಾಹತಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟ್ರೇಲರ್ ಎಷ್ಟೇ ಗಟ್ಟಿಯಾಗಿದ್ದರೂ ಅದರೊಡನೆ ಇಂಥ ಕಾಗದ ಬರುವುದಿಲ್ಲ. ಕಾರಿಗೆ ಬೆಸೆಯುವ ಕೊಂಡಿಯದೂ ಪ್ರತ್ಯೇಕ ತಕರಾರು. ತಯಾರಕರ ಮೂಲ ವಿನ್ಯಾಸಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಕಾರು ಕಂಪನಿ ಒಪ್ಪದ ಕೊಂಡಿಯನ್ನು ಹಾಕಿಸುವವರು ಈ ತೀರ್ಪನ್ನು ಮರೆಯುವಂತಿಲ್ಲ. ನೋಂದಣಿಯಿಲ್ಲದ ಟ್ರೇಲರ್ ಯಾರನ್ನಾದರೂ ಬಡಿದರೆ ಪರಿಹಾರದ ಹೊಣೆ ಮಾಲೀಕನ ಮನೆ ಬಾಗಿಲಿಗೇ ಬರಬಹುದು. ದಂಡದ ಮೊತ್ತ ಅದರ ಮುಂದೆ ಕ್ಷುಲ್ಲಕ.

ಬೇರೆ ದಾರಿಗಳು

ಹಾಗಾದರೆ ದೋಣಿಯ ಆಸೆ ಬಿಡಬೇಕೇ? ಬೇಕಿಲ್ಲ. ಸಣ್ಣ ಸರಕು ವಾಹನ ಬಾಡಿಗೆಗೆ ಹಿಡಿಯುವುದು ಸರಳ ಮಾರ್ಗ. 2005ರಲ್ಲಿ ಬಂದ ಟಾಟಾ ಏಸ್ ಈಗ ಗಲ್ಲಿಗಲ್ಲಿಯಲ್ಲಿದೆ. ಅದರ ತಮ್ಮನಂತಿದ್ದ ಏಸ್ ಜಿಪ್ ತಯಾರಾದದ್ದು ಧಾರವಾಡದಲ್ಲೇ. ಆದರೆ ಏಸ್‌ನ ತೊಟ್ಟಿ ಸುಮಾರು ಏಳು ಅಡಿ. ಹನ್ನೆರಡು ಅಡಿಯ ದೋಣಿ ಹಿಂದಕ್ಕೆ ಐದು ಅಡಿ ಚಾಚಿಕೊಳ್ಳುತ್ತದೆ. ಸರಕು ಹೀಗೆ ವಾಹನದ ಹೊರಗೆ ಚಾಚಿಕೊಂಡರೆ 20,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆ. ಆದ್ದರಿಂದ ದೋಣಿಗಿಂತ ಉದ್ದನೆಯ ತೊಟ್ಟಿಯ ಮಿನಿ ಲಾರಿಯೇ ಬೇಕು. ವರ್ಷಕ್ಕೆ ನಾಲ್ಕೈದು ಬಾರಿ ಹೋಗುವವರಿಗೆ ಟ್ರೇಲರ್ ಮಾಡಿಸುವ ಖರ್ಚಿಗಿಂತ ಈ ಬಾಡಿಗೆಯೇ ಹಗುರ.

ಪುಟ್ಟ ಕಾರಿಗೆ ನಿಜವಾಗಿ ಒಪ್ಪುವುದು ಗಾಳಿ ತುಂಬುವ ದೋಣಿ. ಮೂರು ಮೀಟರಿನ ಅಂಥ ದೋಣಿ ಮಡಚಿದರೆ ಡಿಕ್ಕಿಯಲ್ಲಿ ಕೂರುತ್ತದೆ. ಎರಡೂವರೆ ಅಶ್ವಶಕ್ತಿಯ ಮೋಟಾರನ್ನು ಒಬ್ಬರೇ ಎತ್ತಬಹುದು. ಪ್ರವಾಹದ ಕಾಲದಲ್ಲಿ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯವರು ಬಳಸುವುದೂ ಗಾಳಿ ತುಂಬುವ ದೋಣಿಗಳನ್ನೇ. ನಮ್ಮ ನಾಡಿನ ಹರಿಗೋಲಂತೂ ಇನ್ನೂ ಸರಳ. ಅದರ ಟ್ರೇಲರ್ ಅಂಬಿಗನ ತಲೆ.

ದೋಣಿ ನೀರಿನ ತನಕ ತಲುಪಿದ ಮೇಲೂ ಕಾಗದದ ಕೆಲಸ ಮುಗಿಯುವುದಿಲ್ಲ. ಸೂಪಾ ಮತ್ತಿತರ ಕಾಳಿ ಜಲಾಶಯಗಳು ಕರ್ನಾಟಕ ವಿದ್ಯುತ್ ನಿಗಮದ ಅಧೀನದಲ್ಲಿವೆ. ಸುತ್ತಲಿನ ಕಾಡಿನ ಬಹುಭಾಗ 2015ರಲ್ಲಿ ಕಾಳಿ ಎಂದು ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಅನುಮತಿಯಿಲ್ಲದೆ ಅಲ್ಲಿ ದೋಣಿ ಇಳಿಸುವಂತಿಲ್ಲ. ಒಳನಾಡಿನ ನೀರಿನಲ್ಲಿ ಯಂತ್ರಚಾಲಿತ ದೋಣಿ ಓಡಿಸುವುದಾದರೆ 2021ರ ಒಳನಾಡು ಹಡಗುಗಳ ಕಾಯ್ದೆಯನ್ವಯ ದೋಣಿಯ ತಪಾಸಣೆ ಮತ್ತು ನೋಂದಣಿ ಬೇರೆ ಆಗಬೇಕು. ಈ ವಿಚಾರಣೆಗಳನ್ನು ದೋಣಿ ಕೊಳ್ಳುವ ಮುಂಚೆಯೇ ಮುಗಿಸಿಕೊಂಡರೆ, ಉದ್ದ, ಮೋಟಾರು, ಸಾಗಣೆಯ ಬಗೆ ಎಲ್ಲವನ್ನೂ ಅದಕ್ಕೆ ತಕ್ಕಂತೆ ಆರಿಸಲು ಅವಕಾಶವಿರುತ್ತದೆ.